ಕಂಪ್ಯೂಟರು ಜೋಡಿಸಿಕೊಟ್ಟ ದೋಸ್ತ

ಅನುಮಾನ ನನಗೆ ಹುಟ್ಟಿನಿಂದ ಬಂದ ಜಡ್ಡು. ಹಾಲು ನೀರಾಗಿದ್ದರೆ ನಾನು ಎಮ್ಮೆಯನ್ನು ಬಯ್ಯುವವನಲ್ಲ, ಹಾಲು ತಂದವಳ ಮುಖ ನೋಡುವವನು. "ನಿಮ್ಮ ನೆರಳಿನ ಮ್ಯಾಲೂ ನಿಮಗ ನಂಬಿಕಿ ಇಲ್ಲ ಬಿಡ್ರಿ" ಎಂದು ಹೆಂಡತಿ ಹಂಗಿಸುತ್ತಾಳೆ.

ಹೊಸ ಕಂಪ್ಯೂಟರು ಮನೆಗೆ ಬಂದ ವಾರದಲ್ಲೇ ಈ ಜಡ್ಡು ಜೋರಾಯಿತು. ಗಿಣಿಗೇರಾದ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ ಬಂದು, ಚಹಾ ಕುಡಿದು, ಕಾರು ರೇಸಿನ ಆಟ ಹಚ್ಚಿದರೆ ಹತ್ತು ನಿಮಿಷಕ್ಕೆ ಪರದೆ ಕಪ್ಪಾಗಿ ಕಂಪ್ಯೂಟರು ತಾನೇ ರೀಸ್ಟಾರ್ಟ್ ಆಗುತ್ತಿತ್ತು. ಸಿನಿಮಾ ನೋಡಿದರೆ ಏನೂ ಆಗುತ್ತಿರಲಿಲ್ಲ. ಆಟಕ್ಕೆ ಮಾತ್ರ ಈ ಕಾಟ.

ಬಿಡಿಭಾಗ ತರಿಸಿ ಅದನ್ನು ಜೋಡಿಸಿಕೊಟ್ಟವನು ಕೊಪ್ಪಳದಲ್ಲಿ ಸಣ್ಣ ಅಂಗಡಿ ಇಟ್ಟಿರುವ ನನ್ನ ದೋಸ್ತ. ಸಾಲಿಯಲ್ಲಿ ಒಂದೇ ಬೆಂಚಿನವರು ನಾವು. ರಂಜಾನಿಗೆ ಅವರ ಮನೆಯ ಸುರಕುಂಬಾ ಪಾಯಸ ನಮಗೆ, ಪಂಚಮಿಗೆ ನಮ್ಮ ಉಂಡಿ ಅವರಿಗೆ. ಅಂಥವನ ಮೇಲೇ ನನ್ನ ಕಣ್ಣು ಹೋಯಿತು. ಒಳಗೆ ಕರೆಂಟು ಹಂಚುವ ಪವರ್ ಸಪ್ಲೈ ಹಳೆಯದನ್ನೇ ಒರೆಸಿ ಹಾಕಿರಬೇಕು. ಇಲ್ಲದಿದ್ದರೆ ಜೋಡಿಸುವ ಹೊತ್ತಿಗೇ ನನ್ನನ್ನು ಚಹಾ ತರಲು ಯಾಕೆ ಕಳಿಸಿದ?

ಫೋನು ಮಾಡಿದೆ. "ತಗೊಂಡು ಬಾರಲೇ, ಬಿಚ್ಚಿ ನೋಡೂನು" ಎಂದ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿಕೊಂಡನಲ್ಲ ಅನ್ನಿಸಿತು. ಕೊಟ್ಟರೆ ಸದ್ದಿಲ್ಲದೆ ಒಳಗಿನದನ್ನು ಬದಲಿಸಿಬಿಡುತ್ತಾನೆ. ಅದಕ್ಕೇ ಅವನಿಗೆ ಹೇಳದೆ, ಕಂಪ್ಯೂಟರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಗಂಗಾವತಿಯ ಬಸ್ಸು ಹತ್ತಿದೆ. ಅಲ್ಲಿ ಗುರುತಿಲ್ಲದ ಒಂದು ರಿಪೇರಿ ಅಂಗಡಿಯಲ್ಲಿ ಇಳಿಸಿದೆ.

ಅಂಗಡಿಯವನು ಆಟ ಹಚ್ಚಿ ಡಬ್ಬಿ ಮುಟ್ಟಿ ನೋಡಿದ. "ರೊಟ್ಟಿ ಹಂಚಿನಂಗ ಕಾದೈತಲ್ರಿ" ಎನ್ನುತ್ತ ಮುಂದಿನ ಜಾಲರಿ ಕಿತ್ತ. ಅದರ ಹಿಂದೆ ಎರಡು ಮಡಿಕೆಯ ಸೀರೆ ಅರಿವೆ, ಧೂಳು ಕುಡಿದು ಕರ್ರಗಾಗಿತ್ತು.

ಇಟ್ಟವನು ನಾನೇ. ನಮ್ಮೂರಲ್ಲಿ ಕಾರ್ಖಾನೆಯ ಕರಿ ಧೂಳಿಗೆ ಹೆದರಿ ನೀರಿನ ಕೊಡಕ್ಕೂ ಅರಿವೆ, ಟಿವಿಗೂ ಅರಿವೆ. ಕಂಪ್ಯೂಟರು ಬಂದ ದಿನವೇ ಅವ್ವನ ಹಳೇ ಸೀರೆ ಹರಿದು, ಬಲು ಶಾಣ್ಯಾನಂತೆ ಜಾಲರಿಯ ಹಿಂದೆ ತುರುಕಿ, ಮರೆತೂಬಿಟ್ಟಿದ್ದೆ.

"ಗಾಳಿ ಹೋಗಾಕ ದಾರಿನ ಇಲ್ಲ. ಯಾರ್ರಿ ಇದನ್ನ ಹಾಕಿದವ್ರು?"

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. "ಜೋಡಿಸಿಕೊಟ್ಟವ್ರು" ಎಂದುಬಿಟ್ಟೆ.

ಡಬ್ಬಿಯ ಮೇಲಿನ ಚೀಟಿಯಲ್ಲಿ ದೋಸ್ತನ ನಂಬರಿತ್ತು. ಅಂಗಡಿಯವನು ಅಲ್ಲೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. "ಅಣ್ಣಾರ, ಗಿಣಿಗೇರಾದವ್ರ ಕಂಪ್ಯೂಟರಿನ್ಯಾಗ ಸೀರಿ ಅರಿವಿ ಸಿಕ್ಕೈತ್ರಿ. ನೀವ ಹಾಕೀರಂತ ಇವ್ರು ಇಲ್ಲೇ ನಿಂತು ಹೇಳಾಕತ್ತಾರ."

 ಆ ಕಡೆಯಿಂದ ದೋಸ್ತನ ದನಿ ಬಂತು:

"ಹೌದ್ರಿ, ನಾನ ಹಾಕಿದ್ದು. ನನ್ನ ತಪ್ಪು. ತಗದು ಕೊಡ್ರಿ."

ಅಂಗಡಿಯವನು ಬಿದ್ದು ಬಿದ್ದು ನಕ್ಕ. ಗಿರಾಕಿಗಳೂ ನಕ್ಕರು. ನನಗೆ ನಾಚಿಕೆಯಿಂದ ನೆಲ ಸೇರುವಂತಾಗಿತ್ತು, ಆದರೂ ಅವರ ಜೊತೆ ನಾನೂ ನಕ್ಕೆ.

ನಾಲ್ಕು ದಿನ ಬಿಟ್ಟು ದೋಸ್ತನ ಅಂಗಡಿಗೆ ಹೋದೆ. ತಪ್ಪೊಪ್ಪಿಕೊಳ್ಳಲು ಅಂತ ಹೋದದ್ದು, ಆದರೆ ಹವಾ, ಪಾಳಿ ಅಂತ ಬೇರೆ ಮಾತೇ ಆಡುತ್ತ ಕುಳಿತೆ. ಅಷ್ಟರಲ್ಲಿ ಮಗಳಿಗೆ ಕಂಪ್ಯೂಟರು ಜೋಡಿಸಲು ಕೊಟ್ಟಿದ್ದ ಒಬ್ಬರು ಬಂದು, "ನಮ್ಮದು ಬ್ಯಾಡ ಬಿಡ್ರಿ. ನೀವು ಒಳಗ ಅರಿವಿ ತುರುಕ್ತೀರಂತ, ಗಂಗಾವತ್ಯಾಗ ಮಾತಾಡಾಕತ್ತಾರ" ಎಂದರು.

 ದೋಸ್ತ ನನ್ನ ಕಡೆ ನೋಡಲಿಲ್ಲ. ತಲೆ ತಗ್ಗಿಸಿ ಸ್ಕ್ರೂ ಬಿಗಿಯುತ್ತಲೇ ಇದ್ದ.

"ಅವ ಅಲ್ರಿ" ಎಂದೆ. "ತುರುಕಿದಾಂವ ನಾನು. ಸುಳ್ಳು ಹೇಳಿದಾಂವನೂ ನಾನ."