ಬರಿದಾಗಿ ಬಂದ ತಟ್ಟೆ

ಊರಿನಲ್ಲಿ ಯಾರಾದರೂ ಸತ್ತರೆ ಪಾದ್ರಿಗಿಂತ ಮೊದಲು ಸುದ್ದಿ ಮುಟ್ಟುತ್ತಿದ್ದದ್ದು ಆರ್ಡಿಸ್ ಹಾಲ್ವರ್ಸನ್‌ಗೆ. ಚರ್ಚಿನ ನೆಲಮಾಳಿಗೆಯಲ್ಲಿ ಮಣ್ಣಿನ ದಿನದ ಊಟಕ್ಕೆ ಎಷ್ಟು ಕಾಫಿ ಕಾಯಿಸಬೇಕು, ಯಾರ ಮನೆಯಿಂದ ಏನು ಬರಬೇಕು, ಎಲ್ಲ ಅವಳದೇ ಯಜಮಾನಿಕೆ. ಅದಕ್ಕೂ ಮುಂಚೆ ಶಾಲೆಯ ಅಡುಗೆಮನೆಯಲ್ಲಿ ಊರಿನ ಅರ್ಧ ಜನಕ್ಕೆ ಬಡಿಸಿ ಬೆಳೆಸಿದವಳು. ಒಬ್ಬರ ಋಣ ಇಟ್ಟುಕೊಂಡರೆ ಅವಳಿಗೆ ನಿದ್ದೆ ಹತ್ತದು. ಬಾಗಿಲ ಮುಂದಿನ ಹಿಮ ಎತ್ತಿಕೊಟ್ಟವನಿಗೂ ಮರುದಿನವೇ ಒಂದು ಪೈ, ಹಿಟ್ಟಿನ ಹೊದಿಕೆಯೊಳಗೆ ಹಿತ್ತಲಿನ ರೂಬಾರ್ಬ್ ದಂಟು ತುಂಬಿ ಸುಟ್ಟ ಹುಳಿಸಿಹಿ ತಿನಿಸು. ಗಾಜಿನ ತಟ್ಟೆಯ ತಳಕ್ಕೆ ಅವಳ ಹೆಸರು ಬರೆದ ಅಂಟುಪಟ್ಟಿ. ತಟ್ಟೆ ವಾಪಸು ಬರುವಾಗ ಬರಿದಾಗಿ ಬರಬಾರದು. ನಾಲ್ಕು ಮೊಟ್ಟೆಯೋ ಎರಡು ಟೊಮೆಟೊವೋ ಇರಲೇಬೇಕು. ನಮ್ಮ ಜೋಳದ ಸೀಮೆಯಲ್ಲಿ ಹೀಗೆಯೇ ನಡೆದುಕೊಂಡು ಬಂದಿದೆ.

ಹಿಂದಿನ ವರ್ಷ ಅವಳ ಮಗಳು ಕ್ಯಾರಿನ್‌ಗೆ ಐದನೇ ತಿಂಗಳಲ್ಲೇ ಗರ್ಭದ ನೀರು ಒಡೆದುಹೋಗಿತ್ತು. ಮಗು ಉಳಿಯುವಂತಿರಲಿಲ್ಲ. ನಂಜೇರುವ ಮೊದಲೇ ಡಾಕ್ಟರು ಗರ್ಭ ತೆಗೆದು ತಾಯಿಯನ್ನು ಉಳಿಸಿಕೊಂಡರು. ಈಗ ಕ್ಯಾರಿನ್ ಮತ್ತೆ ಬಸುರಿ. ಇದೇ ಹೊತ್ತಿಗೆ ರಾಜ್ಯದ ಮೇಲಿನ ಕೋರ್ಟಿನಲ್ಲಿ ಒಂದು ಕುರ್ಚಿ ಖಾಲಿಯಾಗಿ, ಗವರ್ನರ್ ಒಬ್ಬ ನ್ಯಾಯಾಧೀಶನ ಹೆಸರು ಮುಂದಿಟ್ಟಿದ್ದ. ತಾಯಿ ಸಾವಿನ ಹೊಸ್ತಿಲಿಗೆ ಬರುವವರೆಗೂ ಡಾಕ್ಟರು ಕೈ ಹಾಕಕೂಡದು ಎಂದು ತೀರ್ಪು ಬರೆದಿದ್ದ ಮಹಾನುಭಾವ. ಉಳಿದ ನ್ಯಾಯಾಧೀಶರು ಆ ಕಡೆ ಈ ಕಡೆ ಸಮಸಮ ಇದ್ದರು. ಇವನು ಬಂದು ಕೂತರೆ ಮುಗಿಯಿತು, ಆ ತೀರ್ಪೇ ರಾಜ್ಯಕ್ಕೆಲ್ಲ ಕಾನೂನು. ಅವನನ್ನು ಕೂರಿಸಲು ರಾಜ್ಯದ ಮೇಲ್ಮನೆ, ಸೆನೆಟ್, ಒಪ್ಪಬೇಕು. ಅಲ್ಲಿ ಒಂದೇ ಒಂದು ವೋಟಿನ ಮೇಲೆ ಎಲ್ಲವೂ ನಿಂತಿತ್ತು. ಆ ವೋಟು ನಮ್ಮ ಸೀಮೆಯಿಂದ ಸೆನೆಟ್ಟಿಗೆ ಆರಿಸಿಹೋಗಿದ್ದ, ನಮ್ಮ ಊರಿನ ಬೀಜದಂಗಡಿಯ ಡೀನ್ ಟಾಲೆಫ್ಸನ್‌ನದು.

ಡೀನ್ ಅವಳ ಕೈಯೂಟ ಉಂಡು ಬೆಳೆದ ಹುಡುಗ. ದಿನಸಿ ಅಂಗಡಿಯಲ್ಲಿ ಎದುರಾದಾಗ ಟೋಪಿ ತೆಗೆದು, ಅತ್ತಿತ್ತ ನೋಡಿ, ದನಿ ತಗ್ಗಿಸಿದ.

"ಮಿಸೆಸ್ ಹಾಲ್ವರ್ಸನ್, ನಾನು ಬೇಡ ಅಂತ್ಲೇ ವೋಟ್ ಹಾಕ್ತೀನಿ. ಕ್ಯಾರಿನ್ ಪಟ್ಟ ಪಾಡು ನಾನು ಮರ್ತಿಲ್ಲ. ಆದ್ರೆ ಅಲ್ಲೀವರ್ಗೂ ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ನಮ್ಮ ಪಾರ್ಟಿಯೋರಿಗೆ ಗೊತ್ತಾದ್ರೆ ನನ್ನ ಬದುಕಕ್ಕೆ ಬಿಡಲ್ಲ."

"ಬಾಯಿಗೆ ಬೀಗ ಹಾಕ್ಕೊಂಡೆ ಅನ್ಕೋಪ್ಪ," ಎಂದಳು ಆರ್ಡಿಸ್.

ಹಾಕಿಯೂ ಹಾಕಿದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೂ ಹೇಳಲಿಲ್ಲ. ಆದರೆ ಮರುದಿನ ಬೆಳಿಗ್ಗೆ, ಬಿಸಿ ಆರದ ಪೈ ಹಿಡಿದು ಬೀಜದಂಗಡಿಗೆ ನಡೆದಳು. ಅದು ಊರಿನ ರೈತರೆಲ್ಲ ಅಲ್ಲಿ ಕೂತು ಕಾಫಿ ಹೀರುವ ಹೊತ್ತು. ಅವರ ಕಣ್ಣೆದುರೇ ಕೌಂಟರಿನ ಮೇಲೆ ತಟ್ಟೆ ಇಟ್ಟು, ಡೀನ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅದುಮಿದಳು.

"ಏನ್ ಡೀನ್, ಆರ್ಡಿಸ್‌ಗೆ ಅಂಥಾದ್ದೇನ್ ಮಾಡ್ಕೊಟ್ಯೋ?" ಎಂದು ಮುದುಕ ಆರ್ವಿಲ್ ಕೆಣಕಿದ. "ಅವ್ಳು ಸುಮ್‌ಸುಮ್ನೆ ಪೈ ಸುಡೋಳಲ್ಲ."

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಕ್ಯಾರಿನ್‌ಗೆ ಆಗಿದ್ದು ಊರಿಗೆಲ್ಲ ಗೊತ್ತು, ಸೆನೆಟ್ಟಿನ ಲೆಕ್ಕಾಚಾರವೂ ಗೊತ್ತು. ಊರಲ್ಲಿ ಹೆಚ್ಚಿನವರು ಡೀನ್‌ನ ಪಾರ್ಟಿಯವರೇ. ಡೀನ್‌ನ ಮುಖ ಬಿಳಿಚಿಕೊಂಡಿತು. ಆ ಮಹಾತಾಯಿ ಅದನ್ನು ಸಂಕೋಚ ಎಂದುಕೊಂಡು ಹಗುರವಾಗಿ ಮನೆಗೆ ಬಂದಳು. ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಭಾನುವಾರ ಚರ್ಚಿನಲ್ಲಿ ಅವಳ ಬೆಂಚಿಗೆ ಯಾರೂ ಬಂದು ಕೂರಲಿಲ್ಲ. ಆ ವಾರದ ಮಣ್ಣಿನ ಊಟದಲ್ಲಿ ಅವಳು ತಂದ ಆಲೂಗಡ್ಡೆ ಮಾಂಸದ ಪಾತ್ರೆಗೆ ಯಾರೂ ಸೌಟು ಹಾಕಲಿಲ್ಲ. ಬೀಜದಂಗಡಿಯ ಕಾಫಿ ಕುರ್ಚಿಗಳು ಖಾಲಿಯಾದವು. ಡೀನ್‌ನ ಮನೆ ಮುಂದೆ ಒಂದು ಪಿಕಪ್ ಗಾಡಿ ಬಂದು ನಿಲ್ಲತೊಡಗಿತು. ಇಂಜಿನ್ ಗುರುಗುಟ್ಟುತ್ತಲೇ ಇರುತ್ತಿತ್ತು, ಯಾರೂ ಇಳಿಯುತ್ತಿರಲಿಲ್ಲ. ಅವನ ಮಕ್ಕಳು ಅಂಗಳದಲ್ಲಿ ಆಡುವುದನ್ನು ಬಿಟ್ಟರು. ಆಮೇಲೆ ಅದು ಆರ್ಡಿಸಳ ಮನೆ ಎದುರಿಗೂ ಬಂತು. ಯಾರಮ್ಮ ಅದು ಎಂದು ಕಿಟಕಿಯಿಂದ ಕ್ಯಾರಿನ್ ಕೇಳಿದರೆ, ದಾರಿ ತಪ್ಪಿದವರಿರಬೇಕು ಎಂದು ಆರ್ಡಿಸ್ ಪರದೆ ಎಳೆದಳು.

ವೋಟಿನ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಪೈ ತಟ್ಟೆ. ಫಳಫಳ ಹೊಳೆಯುವಂತೆ ತೊಳೆದಿದ್ದರು. ಒಳಗೆ ಏನೂ ಇರಲಿಲ್ಲ, ಒಂದು ಮೊಟ್ಟೆ ಕೂಡ. ಆರ್ಡಿಸ್ ಅದನ್ನು ತಿರುಗಿಸಿ ನೋಡಿದಳು. ಅವಳ ಹೆಸರಿನ ಪಟ್ಟಿಯನ್ನು ಕಿತ್ತಿದ್ದರು. ಅಂಟು ಕೂಡ ಉಳಿಯದ ಹಾಗೆ ಉಜ್ಜಿ ತೆಗೆದಿದ್ದರು. ರಸ್ತೆಯ ಆಚೆ ನೋಡಿದಳು. ಪಿಕಪ್ ಇರಲಿಲ್ಲ. ಅದರ ಕೆಲಸ ಮುಗಿದಿತ್ತು.

ಮಧ್ಯಾಹ್ನ ರೇಡಿಯೋದಲ್ಲಿ ಒಂದೊಂದೇ ಹೆಸರು ಕೂಗಿದರು. ಟಾಲೆಫ್ಸನ್ ಎಂದರು. ಆಮೇಲೆ ಕೇಳಿಸಿತು, ಒಪ್ಪಿಗೆ.

ಕ್ಯಾರಿನ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಡುಗೆಮನೆಗೆ ಬಂದಳು. ಆರ್ಡಿಸ್ ಬಾಯಿಯ ಬೀಗ ತೆಗೆದು ಎಲ್ಲವನ್ನೂ ಹೇಳಿದಳು, ಡೀನ್ ಕೊಟ್ಟ ಮಾತನ್ನೂ. ಮಗಳು ತಟ್ಟೆಯ ಬರಿದಾದ ತಳವನ್ನು ಬೆರಳಿನಿಂದ ಸವರಿದಳು.

"ನೀನು ಯಾರಿಗೂ ಹೇಳಿರ್ಲಿಲ್ವಲ್ಲಮ್ಮ. ಮತ್ತೆ ಅವ್ರಿಗೆ ಹೆಂಗೆ ಗೊತ್ತಾಯ್ತು?"

"ಯಾರಿಗೂ ಹೇಳ್ಲಿಲ್ಲ ಕಣೆ," ಎಂದಳು ಆರ್ಡಿಸ್. "ಅವನಿಗೆ ಥ್ಯಾಂಕ್ಸ್ ಹೇಳ್ದೆ, ಅಷ್ಟೆ."