ಅಣ್ಣನ ಹಿಮ್ಮಡಿಯ ಕಪ್ಪು

ಮಂಗಳೂರಿನ ಹಂಪನಕಟ್ಟೆಯ ಚರ್ಮವೈದ್ಯೆಯೊಬ್ಬರ ಕೋಣೆಯಲ್ಲಿ, ಪರೀಕ್ಷೆಯ ಮಂಚದ ಕಾಲ್ತುದಿಯಲ್ಲಿ, ಕಿಟಕಿಗೆ ಬೆನ್ನು ಹಾಕಿ ನಾನು ನಿಂತಿದ್ದೆ. ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದಾಗಿನ ಒಂದು ಸೋಮವಾರ ಬೆಳಿಗ್ಗೆ ಅದು. ಮಂಚದ ಮೇಲೆ ಅಣ್ಣ ಬೋರಲು ಮಲಗಿದ್ದ. ಅವನ ಬಲ ಹಿಮ್ಮಡಿ ನನ್ನ ಕಣ್ಣ ಮುಂದೆಯೇ ಇತ್ತು. ಅದರಲ್ಲಿ ಹೆಬ್ಬೆರಳ ಉಗುರಿನಷ್ಟು ಅಗಲದ, ಅಂಚು ಕಲಸಿದಂತಿದ್ದ ಒಂದು ಕಪ್ಪು.

ಅಣ್ಣ ನಮ್ಮೂರ ದೇವಸ್ಥಾನದ ಅರ್ಚಕ. ನಮ್ಮ ಅಪ್ಪನೂ ಅಲ್ಲಿಯೇ ಪೂಜೆ ಮಾಡಿದವರು. ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡಿ ಇಬ್ಬರ ಹಿಮ್ಮಡಿಯೂ ಒಡೆದದ್ದೇ.

"ಇದಕ್ಕೆ ಎಂತಾದ್ರೂ ಹಚ್ಚಿದ್ದುಂಟಾ ಭಟ್ರೇ?" ಎಂದು ಡಾಕ್ಟರು ಕೇಳಿದರು.

"ಎಂತದ್ದೂ ಇಲ್ಲ."

ಮೂಲೆಯ ಕುರ್ಚಿಯಲ್ಲಿದ್ದ ಅತ್ತಿಗೆ ಎದ್ದು ನಿಂತರು. "ಗೇರುಬೀಜ ಸುಟ್ಟು ಅದರ ಎಣ್ಣೆ ಬಿಡ್ತೇನಲ್ಲ ನಾನು, ಪ್ರತಿ ಮಳೆಗಾಲ?"

"ಅದನ್ನೂ ಹೇಳ್ಬೇಕಾ ಮಾರಾಯ್ತಿ? ಅದು ಎಲ್ಲರೂ ಬಿಡುದಲ್ವಾ."

ನಮ್ಮ ಮನೆಯಲ್ಲಿ ಅದು ನಿಜ. ಒಡೆದ ಹಿಮ್ಮಡಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಿಡುವುದು ಹಲ್ಲುಜ್ಜಿದ ಹಾಗೆ. ಅದು ಚರ್ಮವನ್ನು ಸುಡುತ್ತದೆ, ಕಪ್ಪು ಮಾಡುತ್ತದೆ. ಆ ಕಪ್ಪನ್ನು ನಾವು ಯಾರೂ ನೋಡುವುದೇ ಇಲ್ಲ. ಆ ಸಲ ಬೇರೆ ಕಡೆಯ ಕಪ್ಪು ಎರಡು ತಿಂಗಳಲ್ಲಿ ಉದುರಿತು, ಇದೊಂದು ಉದುರಲಿಲ್ಲ. ಅದಕ್ಕೇ ಬಂದದ್ದು.

ಡಾಕ್ಟರು ಅಲಗಿನಿಂದ ಮೇಲ್ಪದರವನ್ನು ಹೆರೆದರು. ಸ್ವಲ್ಪ ಹೋಯಿತು. ಕೆಳಗೆ ಮತ್ತೆ ಕಪ್ಪೇ. ದೀಪವಿರುವ ಸಣ್ಣ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಫೋನಿನಲ್ಲಿ ಚಿತ್ರ ತೆಗೆದು ಅಣ್ಣನಿಗೂ ತೋರಿಸಿದರು.

"ಎಣ್ಣೆಯದ್ದೇ ಇರಬಹುದು. ಆದ್ರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸದೆ ನಾನು ಬಿಡುದಿಲ್ಲ. ಮೆಲನೋಮ ಅಂತ ಒಂದು ಚರ್ಮದ ಕ್ಯಾನ್ಸರ್ ಉಂಟು. ನಮ್ಮ ಕಡೆ ಬಹಳ ಅಪರೂಪ. ಬಿಳಿ ಚರ್ಮದವರಲ್ಲಿ ಜಾಸ್ತಿ, ಹೆಚ್ಚಾಗಿ ಬಿಸಿಲು ಬಿದ್ದಲ್ಲಿ. ನಮ್ಮ ಬಣ್ಣದವರಿಗೆ ಬಂದ್ರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿ. ಗಂಡಸು ಹೆಂಗಸು ಅಂತ ಇಲ್ಲ, ಪ್ರಾಯ ಆದವರಲ್ಲಿ ಜಾಸ್ತಿ."

"ಅಂಗಾಲಿಗೆ ಎಲ್ಲಿಯ ಬಿಸಿಲು ಮೇಡಂ?" ಎಂದ ಅಣ್ಣ.

"ಅದೇ. ಬಿಸಿಲಿಲ್ಲದೆಯೂ ಬರ್ತದೆ. ಅಲ್ಲಿ ಯಾರೂ ನೋಡುದಿಲ್ಲ, ಹಾಗಾಗಿ ತಡವಾಗಿ ಗೊತ್ತಾಗ್ತದೆ."

ಬಂದಿದ್ದರೆ ಸುತ್ತಲಿನ ಮಾಂಸ ತೆಗೆಯಬೇಕು, ಹರಡಿದ್ದರೆ ಇನ್ನೂ ಹೆಚ್ಚು ಎಂದೂ ಹೇಳಿದರು. ಕೋಣೆಯೊಳಗೆ 'ಅಪರೂಪ' ಎಂಬ ಮಾತು ಧೈರ್ಯ ಕೊಟ್ಟಿತ್ತು. ಬಸ್ಸಿನಲ್ಲಿ ಅಣ್ಣ ಅದನ್ನೇ ತಿರುವಿ ಹಾಕಿದ: "ಅಪರೂಪ ಅಂದ್ರೆ ಯಾರಿಗೋ ಒಬ್ಬನಿಗೆ ಬರ್ತದೆ ಅಂತಾಯ್ತಲ್ಲ ಮಾರಾಯ."

ವರದಿ ಬರುವವರೆಗೆ ಅವನು ಗರ್ಭಗುಡಿಯ ಒಳಗೆ ಹೋಗಲಿಲ್ಲ. ಚೂರು ತೆಗೆದಲ್ಲಿ ರಕ್ತ ಒಸರುವ ಗಾಯ ಇಟ್ಟುಕೊಂಡು ಪೂಜೆ ಮಾಡುವ ಹಾಗಿಲ್ಲ. ಬೇರೊಬ್ಬ ಅರ್ಚಕರು ಬಂದರು. ಅಣ್ಣ ಹೊರಗಿನ ಜಗಲಿಯಲ್ಲಿ ಬ್ಯಾಂಡೇಜಿನ ಕಾಲನ್ನು ನೀಡಿ ಕೂತು ಅವರ ಮಂತ್ರ ಕೇಳುತ್ತಿದ್ದ. ಒಂದು ಸಂಜೆ ನನ್ನ ಕಡೆ ನೋಡದೆ ಹೇಳಿದ: "ಅಂಗ ಊನ ಆದವ ಒಳಗೆ ಹೋಗ್ಲಿಕ್ಕಿಲ್ಲ. ಕಾಲು ತೆಗೆದ್ರೆ ನಾನು ಎಂತ ಮಾಡುದು? ನನಗೆ ಬೇರೆ ಕೆಲಸ ಗೊತ್ತಿಲ್ಲ." ಸಾಯುವುದರ ಬಗ್ಗೆ ಅವನು ಒಮ್ಮೆಯೂ ಮಾತಾಡಲಿಲ್ಲ. ಅತ್ತಿಗೆ ಎಣ್ಣೆಯ ಭರಣಿಯನ್ನು ಹಿತ್ತಿಲಲ್ಲಿ ಹೂತುಬಿಟ್ಟಿದ್ದರು.

ವರದಿ ಬಂದ ದಿನ ನಾವು ಕುಳಿತುಕೊಳ್ಳುವ ಮೊದಲೇ ಡಾಕ್ಟರು ಹೇಳಿದರು, "ಎಂತ ಇಲ್ಲ. ಒಂದು ಸಾದಾ ಮಚ್ಚೆ. ಅದರ ಮೇಲೆ ನಿಮ್ಮ ಎಣ್ಣೆ ಹರಡಿ ಅಂಚು ಕಲಸಿದ್ದು."

ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಣ್ಣ, "ಹಾಗಾದ್ರೆ ಭರಣಿ ತೆಗೀಬಹುದಾ?" ಎಂದ. ಡಾಕ್ಟರು ಗದರಿದರು, ನಗುತ್ತಲೇ. ಎಣ್ಣೆ ಬೇಡ, ತಿಂಗಳಿಗೊಮ್ಮೆ ಅಂಗಾಲು ನೋಡಿಕೊಳ್ಳಿ ಎಂದರು. ಅಣ್ಣನಿಗೆ ಈಗ ಅಂಗಾಲು ಕಾಣುವಷ್ಟು ಬಗ್ಗಲು ಆಗುವುದಿಲ್ಲ, ಅತ್ತಿಗೆ ನೋಡುತ್ತಾರೆ. ನನ್ನದನ್ನು ನಾನೇ ಕನ್ನಡಿ ಹಿಡಿದು ನೋಡುತ್ತೇನೆ.

ಆ ಬೆಳಿಗ್ಗೆ ಆ ಕಪ್ಪನ್ನು ಕಂಡವರು ನನ್ನನ್ನು ಬಿಟ್ಟು ಮೂವರು. ಡಾಕ್ಟರು ಈಗಲೂ ಇದ್ದಾರೆ, ಅದೇ ಕೋಣೆಯಲ್ಲಿ. ಅತ್ತಿಗೆ ಇದ್ದಾರೆ. ಫೋನಿನ ಚಿತ್ರದಲ್ಲಿ ಮಾತ್ರ ಕಂಡ ಅಣ್ಣನೂ ಇದ್ದಾನೆ. ಇವತ್ತು ಬೆಳಿಗ್ಗೆಯೂ ಬರಿಗಾಲಲ್ಲಿ ಗರ್ಭಗುಡಿಯ ಒಳಗೆ ಹೋದ.