ಪಟ್ಟೇವಾಲಾ ಕಾಕಾ ಕೂಗದ ಹೆಸರು

ನಿನ್ನೆ ಚೌಕದ ಕಿರಾಣಿ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯವನು ಯಾರಿಗೋ ಜೇಷ್ಠಮಧುವಿನ ಕಡ್ಡಿ ಮುರಿದು ಕೊಟ್ಟ. ಆ ಸಿಹಿ ವಾಸನೆ ಮೂಗಿಗೆ ಬಿತ್ತು ನೋಡಿ, ನಾನು ಏನು ಕೊಳ್ಳಲು ಬಂದಿದ್ದೆನೆಂಬುದೇ ಮರೆತುಹೋಯಿತು…

ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ಕಾಕಾ ವಿಜಾಪುರದ ಕೋರ್ಟಿನಲ್ಲಿ ಪಟ್ಟೇವಾಲಾ ಆಗಿದ್ದರು. ಎದೆಗೆ ಅಡ್ಡ ಪಟ್ಟಾ ಹಾಕಿಕೊಂಡು, ಜಡ್ಜ್ ಸಾಹೇಬರ ಖೋಲಿಯ ಬಾಗಿಲಲ್ಲಿ ನಿಂತು ಫಿರ್ಯಾದಿ, ಆರೋಪಿ, ಸಾಕ್ಷಿಗಳ ಹೆಸರು ಕೂಗುವುದು ಅವರ ಕೆಲಸ. ಗಂಟಲಿಗೆಂದು ದವಡೆಯಲ್ಲಿ ಸದಾ ಜೇಷ್ಠಮಧು. ಮೂರು ಕೂಗಿಗೆ ಬಾರದವನು ಗೈರುಹಾಜರು. ಅವನ ಖಟ್ಲೆ ಅವನಿಲ್ಲದೆಯೇ ಮುಗಿಯುತ್ತಿತ್ತು. ಅದಕ್ಕೇ ಕಾಕಾ ಎರಡು ಕೂಗಿ, ರುಮಾಲು ಸರಿಮಾಡಿಕೊಂಡು, ಕೆಮ್ಮಿ, ಟಿಕೋಟದ ರಸ್ತೆಯ ಕಡೆ ನೋಡುತ್ತ ನಿಲ್ಲುತ್ತಿದ್ದರು. ಹೊನವಾಡ, ಬಿಜ್ಜರಗಿಯಿಂದ ನಡೆದು ಬರುವವರು ಅಷ್ಟರಲ್ಲಿ ಧೋತರದ ಚುಂಗು ಹಿಡಿದು ಓಡಿ ಬಂದು ಮುಟ್ಟುತ್ತಿದ್ದರು. ಸಾಹೇಬರು ಸಿಡುಕಿದರೆ ಕಾಕಾ, ದಮ್ಮು ಹತ್ತಿತ್ತರಿ ಅಂದುಬಿಡುತ್ತಿದ್ದರು.

ನಾನೋ ಓಣಿಯ ಮಂಗ್ಯಾ. ವಕೀಲರ ಮೂಗುಮಾತು, ಸಾಹೇಬರ ಆಕಳಿಕೆ, ನಮ್ಮಪ್ಪನ ಬೈಗುಳ, ಎಲ್ಲ ಅವರವರ ದನಿಯಲ್ಲೇ ತೆಗೆದು ತೋರಿಸುತ್ತಿದ್ದೆ. ನನ್ನ ಸ್ವಂತ ದನಿ ಒಡೆದ ಪೀಪಿ. ಮಂದಿಯ ದನಿಯೇ ಗತಿ. ಕಾಕಾನ ಕೂಗಂತೂ ಎಷ್ಟು ಹುಬೇಹೂಬು ಬರುತ್ತಿತ್ತೆಂದರೆ, ನಾನು ಕಟ್ಟೆಯ ಮೇಲೆ ಕೂಗಿದರೆ ಒಳಗೆ ಕಾಕಿ ಗಂಡ ಬಂದರೆಂದು ಚಹಾಕ್ಕೆ ಇಡುತ್ತಿದ್ದಳು. ಹೊರಗೆ ಬಂದು ನನ್ನ ಮುಸುಡಿ ಕಂಡು ಸೌಟು ಎತ್ತುತ್ತಿದ್ದಳು.

ಗಂಡ ತನ್ನನ್ನು ಒಮ್ಮೆಯಾದರೂ ಹೆಸರು ಹಿಡಿದು ಕರೆಯಬೇಕೆಂಬುದು ಕಾಕಿಯ ಒಂದೇ ಆಸೆ. ಕಾಕಾ "ಏ, ಕೇಳ್ತೀಯೇನ" ದಾಟಿದವರಲ್ಲ. ಒಂದು ಸಂಜೆ ನನ್ನೆದುರೇ ಕೇಳಿಬಿಟ್ಟಳು.

"ಊರಾಗಿನ ಕಳ್ಳರ ಹೆಸರೆಲ್ಲಾ ನಿಮ್ಮ ಬಾಯಾಗ ಅದಾವ. ನಂದೊಂದ ಯಾಕ ಬರಂಗಿಲ್ಲರಿ?"

ಕಾಕಾ ನಗಲಿಲ್ಲ. "ಈ ಬಾಯಿಲೆ ಹೆಸರು ಬಂದವ್ರೆಲ್ಲಾ ಕಟಕಟಿ ಹತ್ಯಾರ. ಮನ್ಯಾಗಿನವ್ರ ಹೆಸರು ಹೆಂಗ ತಗೀಲಿ? ಪಿನ್ಶನ್ ಆಗ್ಲಿ. ಪಟ್ಟಾ ತಿರುಗಿ ಕೊಟ್ಟು ಬಂದ ದಿನ ಓಣಿಗೆಲ್ಲಾ ಕೇಳೂಹಂಗ ಕರೀತೇನಿ."

"ಕೇಳಿದೇನೋ ಮಂಗ್ಯಾ," ಎಂದಳು ಕಾಕಿ ನನಗೆ. "ನನಗೂ ತಾರೀಖು ಕೊಟ್ರು."

ಆ ತಾರೀಖಿಗಿಂತ ಮೊದಲೇ ಗಂಟಲು ಹೋಯಿತು. ಮೊದಲು ಗೊಗ್ಗರು, ಆಮೇಲೆ ಒಳಗೆ ಹುಣ್ಣು ಎಂದರು. ಮಿರಜಿನ ದವಾಖಾನೆಗೆ ಹೋಗಿ ತೋರಿಸಿ ಬಂದರು. ಬಂದ ಮೇಲೆ ಬಾಯಿಂದ ಬರೀ ಗಾಳಿ… ಕೋರ್ಟಿನವರು ಎದೆಯ ಮೇಲಿನ ಪಟ್ಟಾ, ಹಿತ್ತಾಳೆಯ ಬಿಲ್ಲೆ ಬಿಚ್ಚಿಸಿಕೊಂಡು ಮನೆಗೆ ಕಳಿಸಿದರು.

ಅಂದು ನಾನು ಕಟ್ಟೆಯ ಮೇಲಿದ್ದೆ. ಕಾಕಾ ಬಂದವರು ನೇರ ತಮ್ಮ ಮನೆಯ ಹೊಸ್ತಿಲಲ್ಲಿ ನಿಂತರು, ಕೋರ್ಟಿನಲ್ಲಿ ನಿಲ್ಲುವಂತೆಯೇ, ಎದೆ ಉಬ್ಬಿಸಿ. ಬಾಯಿ ತೆರೆಯಿತು. ಕುತ್ತಿಗೆಯ ನರಗಳು ಎದ್ದವು. ಏನೂ ಬರಲಿಲ್ಲ. ಕಾಕಿ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಗೊತ್ತೇ ಆಗಲಿಲ್ಲ. ಕಾಕಾ ಬಾಯಿ ಮುಚ್ಚಿ, ಚಪ್ಪಲಿ ಬಿಟ್ಟು, ಒಳಗೆ ಹೋದರು.

ಅದೇ ಚಳಿಗಾಲ ಅವರು ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ನಾನು ಹೊಸ್ತಿಲಲ್ಲಿ ಕಂಡದ್ದನ್ನು ಕಾಕಿಗೆ ಹೇಳಿದೆ. ಅವರ ದನಿಯಲ್ಲಿ ಒಮ್ಮೆ ನನ್ನ ಹೆಸರು ಹಿಡಿದು ಕರೆ ಎಂದಳು. ಹುಟ್ಟಿದಾಗಿನಿಂದ ಕಾಕಿ ಎಂದವನಿಗೆ ಅವಳ ಹೆಸರು ಗೊತ್ತಿರಲಿಲ್ಲ. ಅವಳೇ ಮೆಲ್ಲಗೆ ಹೇಳಿದಳು. ಬಾಗಿಲಿಗೆ ಹೋಗಿ ನಿಂತು ಕೂಗಿದೆ. ಜನ್ಮದಲ್ಲಿ ಯಾರ ದನಿಯನ್ನೂ ಅಷ್ಟು ಸರಿಯಾಗಿ ತೆಗೆದಿಲ್ಲ. ಎದುರು ಮನೆಯವರು ಗಾಬರಿಯಾಗಿ ಹೊರಗೆ ಬಂದರು.

ಕಾಕಿ ಬಾಯಿಗೆ ಸೆರಗು ಹಿಡಿದು ಕೇಳಿಸಿಕೊಂಡು ಅಂದಳು.

"ದನಿ ಅವರದ ಐತಿ ಯಪ್ಪಾ. ಕರದಾಂವ ನೀ."

ಅವಳೀಗ ಬಬಲೇಶ್ವರದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಆ ಕಡೆ ಹೋದರೆ ಕಂಡು ಬರುತ್ತೇನೆ. ನನ್ನ ಪೀಪಿಯಲ್ಲೇ ಕಾಕಿ ಎನ್ನುತ್ತೇನೆ. ಗೆಳೆಯರು ಪಟ್ಟೇವಾಲಾನ ದನಿ ತೆಗಿಯೆಂದು ಈಗಲೂ ಕಾಡುತ್ತಾರೆ. ಸಾಹೇಬರ ಆಕಳಿಕೆ ತೆಗೆದು ನಗಿಸಿ ಎದ್ದು ಬರುತ್ತೇನೆ. ಯಾರೂ ಇಲ್ಲದಾಗ ಒಮ್ಮೆ ಪ್ರಯತ್ನಿಸಿ ನೋಡಿದೆ… ಆ ಕೂಗು ಈಗ ನನ್ನಲ್ಲಿಯೂ ಇಲ್ಲ.